ಕೆಲಸದ ಹಾದಿ: ನಕ್ಷೆ ಮತ್ತು ನಿರ್ವಹಣೆ



ಒಂದು ಸಂಸ್ಥೆಯೊಳಗೆ ಕೆಲಸಗಳು ಹೇಗೆ ಸಾಗುತ್ತವೆ, ಆ ಸಾಗುವಿಕೆಯನ್ನು ನಕ್ಷೆಯಾಗಿ ಬರೆಯುವುದು ಹೇಗೆ, ಬರೆದ ಮೇಲೆ ಅದನ್ನು ನಿರ್ವಹಿಸುವುದು ಹೇಗೆ ಎಂಬುದು ಇಂದಿನ ಭಾಷಣದ ವಿಷಯ. ಆಡಳಿತ ಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ‘ಬಿಸಿನೆಸ್ ಪ್ರೋಸೆಸ್ ಮ್ಯಾನೇಜ್‌ಮೆಂಟ್’ ಎಂದು ಹೆಸರು. ಹೆಸರು ಉದ್ದವಾಗಿದೆ, ಸ್ವಲ್ಪ ಹೆದರಿಸುವಂತೆಯೂ ಇದೆ. ಆದರೆ ವಿಷಯ ನಿಮಗೆ ಹೊಸದಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಪೇಟೆ, ಮಗ್ಗದ ಮನೆ, ಮುದ್ರಣಾಲಯ, ಸಹಕಾರಿ ಸಂಘಗಳನ್ನು ನೋಡುತ್ತ ಬೆಳೆದವರಿಗೆ ಇದು ದಿನನಿತ್ಯದ ಸಂಗತಿ. ಆದ್ದರಿಂದ ನಾವು ಇದನ್ನು ‘ಕೆಲಸದ ಹಾದಿ’ ಎಂದು ಸರಳವಾಗಿ ಕರೆಯೋಣ.

ಬೆಟಗೇರಿ ನೇಕಾರಿಕೆಗೆ ಹೆಸರಾದ ಊರು. ಅಲ್ಲಿ ಒಂದು ಸೀರೆ ಸಿದ್ಧವಾಗುವುದನ್ನು ಗಮನಿಸಿ. ನೂಲು ತರಬೇಕು, ಬಣ್ಣ ಹಾಕಿ ಒಣಗಿಸಬೇಕು, ಹಾಸು ಹೂಡಬೇಕು, ಹೊಕ್ಕಿನ ನೂಲನ್ನು ಕಂಡಿಕೆಗೆ ಸುತ್ತಬೇಕು, ಕಂಡಿಕೆಯನ್ನು ಲಾಳಿಗೆ ಹಾಕಬೇಕು. ಇಷ್ಟೆಲ್ಲ ಆದ ಮೇಲೆಯೇ ಮಗ್ಗದ ಸಪ್ಪಳ ಕೇಳಿಸುವುದು. ಇಷ್ಟು ಕೆಲಸವನ್ನು ಒಬ್ಬರೇ ಮಾಡುವುದಿಲ್ಲ. ಕಂಡಿಕೆ ಸುತ್ತುವವರು ಒಬ್ಬರು, ಹಾಸು ಹೂಡುವವರು ಇನ್ನೊಬ್ಬರು, ನೇಯುವವರು ಮತ್ತೊಬ್ಬರು. ಕಂಡಿಕೆ ಬರುವುದು ತಡವಾದರೆ ಎಷ್ಟೇ ನುರಿತ ನೇಕಾರನ ಕೈಯೂ ಸುಮ್ಮನೆ ಕೂಡಬೇಕಾಗುತ್ತದೆ. ಆ ಹೊತ್ತಿನಲ್ಲಿ ಒಳಗೆ ಬಂದವರು ಅವನನ್ನು ಸೋಮಾರಿ ಎಂದುಕೊಳ್ಳಬಹುದು. ನಿಜವಾಗಿ ಅವನು ಸೋಮಾರಿಯಲ್ಲ. ಕೆಲಸ ಹಾದಿಯಲ್ಲಿ ಎಲ್ಲಿಯೋ ನಿಂತಿದೆ.

ಈ ಭಾಷಣದ ಮುಖ್ಯ ಮಾತು ಇದೇ. ಒಂದು ಸಂಸ್ಥೆಯಲ್ಲಿ ಕೆಲಸ ತಡವಾದಾಗ, ತಪ್ಪಾದಾಗ ನಾವು ಮೊದಲು ಹುಡುಕುವುದು ಒಬ್ಬ ವ್ಯಕ್ತಿಯನ್ನು. ‘ಇದು ಯಾರ ತಪ್ಪು?’ ಎಂದು ಕೇಳುತ್ತೇವೆ. ಕೆಲಸದ ಹಾದಿಯನ್ನು ನಕ್ಷೆಯಲ್ಲಿ ಬರೆದು ನೋಡಿದರೆ ಪ್ರಶ್ನೆ ಬೇರೆಯಾಗುತ್ತದೆ: ‘ಕೆಲಸ ಎಲ್ಲಿ ನಿಂತಿದೆ?’ ಮೊದಲನೆಯ ಪ್ರಶ್ನೆಯಿಂದ ಒಬ್ಬನಿಗೆ ಬೈಗಳು ಸಿಗುತ್ತದೆ. ಎರಡನೆಯದರಿಂದ ಕೆಲಸ ಸುಧಾರಿಸುತ್ತದೆ.

ಹಾಗಾದರೆ ಕೆಲಸದ ಹಾದಿ ಎಂದರೇನು? ಅದಕ್ಕೆ ನಾಲ್ಕು ಲಕ್ಷಣಗಳಿವೆ. ಒಂದು, ಅದನ್ನು ಆರಂಭಿಸುವ ಒಂದು ಕಾರಣ ಇರುತ್ತದೆ: ಗಿರಾಕಿಯ ಬೇಡಿಕೆ, ರೈತನ ಅರ್ಜಿ, ಅಂಗಡಿಗೆ ಬಂದ ಸರಕು. ಎರಡು, ಒಂದಾದ ಮೇಲೆ ಒಂದರಂತೆ ಮಾಡಬೇಕಾದ ಹೆಜ್ಜೆಗಳಿರುತ್ತವೆ. ಮೂರು, ಪ್ರತಿ ಹೆಜ್ಜೆಗೂ ಅದನ್ನು ಮಾಡುವ ಒಬ್ಬ ವ್ಯಕ್ತಿಯೋ ಯಂತ್ರವೋ ಇರುತ್ತದೆ. ನಾಲ್ಕು, ಕೊನೆಯಲ್ಲಿ ಯಾರಿಗೋ ಉಪಯೋಗವಾಗುವ ಒಂದು ಫಲ ಇರುತ್ತದೆ. ಫಲ ಯಾರಿಗೂ ಬೇಡವಾದರೆ ಆ ಹಾದಿಯನ್ನು ಸುಧಾರಿಸುವ ಅಗತ್ಯವೇ ಇಲ್ಲ. ಅದನ್ನು ಮುಚ್ಚುವುದೇ ಲೇಸು.

ಈಗ ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. ಗದಗು ಮುದ್ರಣಕ್ಕೆ ಹೆಸರಾದ ಊರು. ಅಲ್ಲಿಯ ಒಂದು ಮಧ್ಯಮ ಗಾತ್ರದ ಮುದ್ರಣಾಲಯವನ್ನು ಕಲ್ಪಿಸಿಕೊಳ್ಳಿ. ಮುಂದೆ ಬರುವ ಅಂಕಿಗಳು ಪಾಠಕ್ಕಾಗಿ ಇಟ್ಟುಕೊಂಡ ಅಂಕಿಗಳು. ಯಾವ ನಿಜವಾದ ಮುದ್ರಣಾಲಯದ ಲೆಕ್ಕವೂ ಅಲ್ಲ. ಶಿರಹಟ್ಟಿಯ ಒಂದು ಮನೆತನದವರು ಸೋಮವಾರ ಬೆಳಿಗ್ಗೆ ಬಂದು 1000 ಲಗ್ನಪತ್ರಿಕೆಗಳಿಗೆ ಬೇಡಿಕೆ ಕೊಟ್ಟರು. ಪತ್ರಿಕೆಗಳು ಅವರ ಕೈ ಸೇರಿದ್ದು ಶನಿವಾರ ಬೆಳಿಗ್ಗೆ. ದಿನಕ್ಕೆ 8 ತಾಸಿನಂತೆ ಕೆಲಸದ 5 ದಿನಗಳು, ಅಂದರೆ 2400 ನಿಮಿಷಗಳು ಕಳೆದವು. ಬೀಗರಿಗೆ, ಬಂಧುಬಳಗಕ್ಕೆ ಪತ್ರಿಕೆ ಹಂಚುವ ದಿನಗಳು ಅಷ್ಟರಮಟ್ಟಿಗೆ ಕಡಿಮೆಯಾದವು. ಮುಹೂರ್ತವನ್ನಂತೂ ಮುಂದೂಡಲು ಬರುವುದಿಲ್ಲ.

ಈ 2400 ನಿಮಿಷಗಳಲ್ಲಿ ನಿಜವಾದ ಕೆಲಸ ಎಷ್ಟು? ಬೇಡಿಕೆ ಬರೆದುಕೊಳ್ಳಲು 10 ನಿಮಿಷ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಲು 40. ಪ್ರೂಫ್ ಓದಲು 15. ತಿದ್ದಲು 15. ಪ್ಲೇಟು ಮಾಡಲು 20. ಅಚ್ಚು ಹಾಕಲು 45. ಕತ್ತರಿಸಿ ಮಡಿಸಲು 40. ಕಟ್ಟು ಕಟ್ಟಿ ಬಿಲ್ಲು ಮಾಡಲು 15. ಕೂಡಿಸಿ ನೋಡಿ: 200 ನಿಮಿಷ ಆಯಿತು. ಮೂರು ತಾಸು ಇಪ್ಪತ್ತು ನಿಮಿಷದ ಕೆಲಸಕ್ಕೆ ಐದು ದಿನ ಹಿಡಿಯಿತು. ಹನ್ನೆರಡರಲ್ಲಿ ಒಂದು ಪಾಲು ಕೆಲಸ, ಹನ್ನೊಂದು ಪಾಲು ಬರೀ ಕಾಯುವಿಕೆ.

ಕಾಯುವಿಕೆ ಎಲ್ಲೆಲ್ಲಿ ಇತ್ತು? ಅಕ್ಷರ ಜೋಡಿಸುವವರ ಮೇಜಿನ ಮೇಲೆ ಒಂದು ದಿನ ಚೀಟಿ ಬಿದ್ದಿತ್ತು. ಪ್ರೂಫ್ ಶಿರಹಟ್ಟಿಗೆ ಹೋಗಿ, ಮನೆಯ ಹಿರಿಯರು ನೋಡಿ, ಹೆಸರುಗಳನ್ನು ತಿದ್ದಿ, ಮರಳಿ ಬರಲು ಎರಡೂವರೆ ದಿನ ಬೇಕಾಯಿತು. ಅಚ್ಚಿನ ಯಂತ್ರದ ಮುಂದೆ ಮತ್ತೆ ಒಂದು ದಿನ ಸರದಿ. ಕಡೆಗೆ ಬಿಲ್ಲು ಬರೆಯುವ ಗುಮಾಸ್ತರು ಊಟಕ್ಕೆ ಹೋಗಿದ್ದರಿಂದ 40 ನಿಮಿಷ. ಇವೆಲ್ಲ ಸೇರಿ 2200 ನಿಮಿಷ.

ಈಗ ಮಾಲೀಕರು ಏನು ಮಾಡುತ್ತಾರೆ ಎಂದು ಯೋಚಿಸಿ. ಗಿರಾಕಿಗಳು ತಡವಾಯಿತೆಂದು ದೂರುತ್ತಿದ್ದಾರೆ. ಬ್ಯಾಂಕಿನಲ್ಲಿ ಸಾಲ ಮಾಡಿ, ಎರಡು ಪಟ್ಟು ವೇಗದ ಅಚ್ಚಿನ ಯಂತ್ರ ತರುವುದು ಅವರಿಗೆ ಸಹಜವಾಗಿ ಹೊಳೆಯುವ ಉಪಾಯ. ತಂದರೆ ಅಚ್ಚಿನ 45 ನಿಮಿಷ ಸುಮಾರು 22 ನಿಮಿಷಕ್ಕೆ ಇಳಿಯುತ್ತದೆ. ಈ ಒಂದು ಕೆಲಸದ ಹಾದಿಯಲ್ಲಿ ಉಳಿದದ್ದು 23 ನಿಮಿಷ; 2400ರಲ್ಲಿ ನೂರಕ್ಕೆ ಒಂದು ಪಾಲೂ ಅಲ್ಲ. ಯಂತ್ರದ ಮುಂದಿನ ಸರದಿ ಸ್ವಲ್ಪ ಕರಗಬಹುದು ಎನ್ನುವುದು ನಿಜ. ಆದರೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೆಲಸ ನಿಂತದ್ದು ಪ್ರೂಫ್ ಹೋಗಿ ಬರುವಲ್ಲಿ. ಅದನ್ನು ಯಾವ ಅಚ್ಚಿನ ಯಂತ್ರವೂ ಸರಿಪಡಿಸಲಾರದು.

ಅದಕ್ಕೆ ಬೇಕಾದದ್ದು ಒಂದು ಹಾಳೆ ಕಾಗದ ಅಷ್ಟೆ. ಬೇಡಿಕೆ ಕೊಡುವಾಗಲೇ ವಧೂವರರ ಹೆಸರು, ಹಿರಿಯರ ಹೆಸರು, ತಿಥಿ, ವಾರ, ತಾರೀಖು, ಮುಹೂರ್ತ, ಮಂಟಪದ ವಿಳಾಸಗಳನ್ನು ಬಿಡಿಬಿಡಿಯಾಗಿ, ದುಂಡಗಿನ ಅಕ್ಷರದಲ್ಲಿ ತುಂಬಿಸಿಕೊಳ್ಳುವ ನಮೂನೆ ಇರಲಿ. ಪ್ರೂಫ್ ಇಂಥ ಹೊತ್ತಿಗೆ ಫೋನಿಗೆ ಬರುತ್ತದೆ, ಇಂಥ ಹೊತ್ತಿನೊಳಗೆ ಮನೆಯ ಒಬ್ಬರೇ ಒಪ್ಪಿಗೆ ಹೇಳಬೇಕು ಎಂದು ಮೊದಲೇ ಮಾತಾಗಲಿ. ಪ್ರೂಫ್ ಹೋಗಿ ಬರುವಷ್ಟರಲ್ಲಿ ಇತ್ತ ಕಾಗದ ಕತ್ತರಿಸಿ ಸಿದ್ಧವಾಗಿರಲಿ. ಎರಡೂವರೆ ದಿನದ ಕಾಯುವಿಕೆ ಅರ್ಧ ದಿನಕ್ಕೆ ಇಳಿದರೆ, ಸಾಲವಿಲ್ಲದೆ, ಯಾರನ್ನೂ ಗದರಿಸದೆ, ಎರಡು ದಿನ ಉಳಿಯಿತು. ತಾರೀಖು ಒಂದು, ವಾರ ಇನ್ನೊಂದು ಅಚ್ಚಾಗುವ ಅನಾಹುತವೂ ಕಡಿಮೆಯಾಗುತ್ತದೆ.

ಮಿತ್ರರೆ, ಇಂಥ ನಕ್ಷೆಯನ್ನು ಬರೆಯುವ ಕ್ರಮ ಇಂದು ನಿನ್ನೆಯದಲ್ಲ. ಅಮೆರಿಕದಲ್ಲಿ ಫ್ರಾಂಕ್ ಗಿಲ್‌ಬ್ರೆತ್ ಎಂಬವರಿದ್ದರು. ಇಟ್ಟಿಗೆ ಇಡುವ ಗಾರೆ ಕೆಲಸದಿಂದ ಬದುಕು ಆರಂಭಿಸಿದವರು. ಒಂದು ಇಟ್ಟಿಗೆ ಇಡಲು ಕೆಲಸಗಾರ ಎಷ್ಟು ಸಲ ಬಾಗುತ್ತಾನೆ, ಎಷ್ಟು ಸಲ ತಿರುಗುತ್ತಾನೆ ಎಂದು ಅವರು ಕಣ್ಣಿಟ್ಟು ನೋಡಿದರು. ಕೈಗೆ ಸಿಗುವ ಎತ್ತರದಲ್ಲಿ ಇಟ್ಟಿಗೆ ಇರಿಸಿ, ಕೆಲಸಗಾರನ ದಣಿವನ್ನೂ ವ್ಯರ್ಥ ಚಲನೆಗಳನ್ನೂ ಕಡಿಮೆ ಮಾಡಿದರು. ಅವರೂ ಮನಶ್ಶಾಸ್ತ್ರ ಬಲ್ಲ ಅವರ ಪತ್ನಿ ಲಿಲಿಯನ್ ಗಿಲ್‌ಬ್ರೆತ್ ಅವರೂ ಸೇರಿ 1921ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ‘ಪ್ರೋಸೆಸ್ ಚಾರ್ಟ್’ ಎಂಬ ನಕ್ಷೆಯನ್ನು ಮಂಡಿಸಿದರು. ಮುಂದೆ ಕಂಪ್ಯೂಟರ್ ಯುಗದಲ್ಲಿ ಇಂಥ ನಕ್ಷೆಗಳಿಗೆ ಎಲ್ಲರೂ ಒಪ್ಪುವ ಒಂದು ಲಿಪಿ ಬೇಕೆನಿಸಿತು. 2004ರಲ್ಲಿ ಬಿ.ಪಿ.ಎಂ.ಎನ್. ಎಂಬ ಚಿಹ್ನಾಲಿಪಿಯ ಮೊದಲ ರೂಪ ಬಂತು. 2011ರಲ್ಲಿ ಅದರ ಎರಡನೆಯ ರೂಪ ಬಂದು, 2013ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವೂ ಆಯಿತು.

ಈ ಲಿಪಿಯ ಪೂರ್ಣ ರೂಪ ದೊಡ್ಡದು. ನಿಮಗೆ ಸದ್ಯಕ್ಕೆ ನಾಲ್ಕು ಚಿಹ್ನೆಗಳು ಸಾಕು. ಹಾದಿ ಆರಂಭವಾಗುವಲ್ಲಿ ಮತ್ತು ಮುಗಿಯುವಲ್ಲಿ ಒಂದೊಂದು ಸುತ್ತು. ಮಾಡುವ ಪ್ರತಿ ಕೆಲಸಕ್ಕೆ ಒಂದು ಚೌಕ. ‘ಹೌದೋ ಅಲ್ಲವೋ’ ಎಂದು ತೀರ್ಮಾನಿಸಬೇಕಾದ ಜಾಗಕ್ಕೆ ಒಂದು ವಜ್ರಾಕೃತಿ. ಇವನ್ನು ಜೋಡಿಸಲು ಬಾಣಗಳು. ಇದರ ಜೊತೆಗೆ ಹಾಳೆಯನ್ನು ಅಡ್ಡಡ್ಡ ಪಟ್ಟಿಗಳಾಗಿ ಗೆರೆ ಹೊಡೆದುಕೊಳ್ಳಿ. ಒಂದು ಪಟ್ಟಿ ಗಿರಾಕಿಗೆ, ಒಂದು ಗುಮಾಸ್ತರಿಗೆ, ಒಂದು ಅಕ್ಷರ ಜೋಡಿಸುವವರಿಗೆ, ಒಂದು ಯಂತ್ರ ನಡೆಸುವವರಿಗೆ. ಯಾರ ಕೆಲಸವೋ ಅವರ ಪಟ್ಟಿಯಲ್ಲಿ ಆ ಚೌಕ ಬರಲಿ. ಬಾಣ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಲ್ಲೆಲ್ಲ ಒಂದು ಕೆಂಪು ಚುಕ್ಕೆ ಇಡಿ. ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಜಾಗ ಅದು. ತಡ, ತಪ್ಪು, ‘ನನಗೆ ಹೇಳಲಿಲ್ಲ’ ಎಂಬ ಮಾತು, ಮೂರೂ ಹೆಚ್ಚಾಗಿ ಹುಟ್ಟುವುದು ಈ ಕೆಂಪು ಚುಕ್ಕೆಗಳಲ್ಲಿ.

ವಜ್ರಾಕೃತಿಯನ್ನೂ ಗಮನಿಸಿ. ‘ಪ್ರೂಫ್ ಸರಿಯಿದೆಯೇ?’ ಎಂಬಲ್ಲಿ ‘ಇಲ್ಲ’ ಎಂದರೆ ಬಾಣ ಹಿಂದಕ್ಕೆ ತಿರುಗುತ್ತದೆ. ಹೀಗೆ ಹಿಂದಕ್ಕೆ ತಿರುಗುವ ಪ್ರತಿ ಬಾಣವೂ ಅದೇ ಕೆಲಸವನ್ನು ಎರಡನೆಯ ಸಲ ಮಾಡಿಸುತ್ತದೆ. ಒಳ್ಳೆಯ ನಕ್ಷೆಯಲ್ಲಿ ಇಂಥ ಬಾಣಗಳು ಇರುವುದಿಲ್ಲ ಎಂದಲ್ಲ. ಎಷ್ಟು ಸಲ ತಿರುಗುತ್ತವೆ, ಏಕೆ ತಿರುಗುತ್ತವೆ ಎಂಬ ಲೆಕ್ಕ ಇರುತ್ತದೆ.

ಕಾಯುವಿಕೆಯ ಬಗ್ಗೆ ಒಂದು ಸುಂದರವಾದ ಗಣಿತವೂ ಇದೆ. ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸರು 1961ರಲ್ಲಿ ಅದನ್ನು ಸಾಧಿಸಿ ತೋರಿಸಿದರು. ಒಳಗೆ ಇರುವ ಕೆಲಸಗಳ ಸರಾಸರಿ ಸಂಖ್ಯೆಯು, ದಿನಕ್ಕೆ ಬಂದು ಹೋಗುವ ಕೆಲಸಗಳ ಸಂಖ್ಯೆಯನ್ನು ಒಂದು ಕೆಲಸ ಒಳಗೆ ಕಳೆಯುವ ಸರಾಸರಿ ದಿನಗಳಿಂದ ಗುಣಿಸಿದಷ್ಟು ಇರುತ್ತದೆ. ನಮ್ಮ ಮುದ್ರಣಾಲಯದಲ್ಲಿ ದಿನಕ್ಕೆ 8 ಕೆಲಸ ಬಂದು 8 ಕೆಲಸ ಮುಗಿಯುತ್ತವೆ, ಒಳಗೆ ಯಾವಾಗಲೂ 40 ಕೆಲಸ ಹರಡಿಕೊಂಡಿರುತ್ತವೆ ಎನ್ನಿ. ಒಂದು ಕೆಲಸಕ್ಕೆ ಸರಾಸರಿ 5 ದಿನ ಬೇಕೇ ಬೇಕು. ಒಳಗಿನ ಕೆಲಸ 16ಕ್ಕೆ ಇಳಿದರೆ ಎರಡೇ ದಿನ. ಮೇಜಿನ ತುಂಬ ಕಡತ ಹರಡಿಕೊಂಡವರೇ ದೊಡ್ಡ ಕೆಲಸಗಾರರು ಎಂಬ ನಂಬಿಕೆ ಎಷ್ಟು ತಪ್ಪು ಎಂಬುದು ಇದರಿಂದ ತಿಳಿಯುತ್ತದೆ. ಹತ್ತು ಕೆಲಸವನ್ನು ಅರ್ಧರ್ಧ ಮಾಡಿ ಇಡುವುದಕ್ಕಿಂತ ಒಂದೊಂದನ್ನೇ ಮುಗಿಸಿ ಹೊರಗೆ ಕಳಿಸುವುದು ಲೇಸು.

ಒಬ್ಬರೇ ಮಾಲೀಕರು, ನಾಲ್ಕು ಜನ ಕೆಲಸಗಾರರು ಇದ್ದಾಗ ಇಷ್ಟೆಲ್ಲ ನಕ್ಷೆ ಬೇಕೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಣ್ಣ ವ್ಯವಹಾರದಲ್ಲಿ ನಕ್ಷೆ ಮಾಲೀಕರ ತಲೆಯಲ್ಲೇ ಇರುತ್ತದೆ. ವ್ಯವಹಾರ ಬೆಳೆದಾಗ ಆ ತಲೆ ಸಾಲದು.

ಇದಕ್ಕೂ ಗದಗಿನಿಂದಲೇ ಉದಾಹರಣೆ ಕೊಡಬಹುದು. ಮುದ್ರಣ ಮತ್ತು ಪ್ರಕಾಶನದ ಮನೆತನದಿಂದ ಬಂದ ವಿಜಯ ಸಂಕೇಶ್ವರ ಅವರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಸಾಗಣೆ ವ್ಯವಹಾರ ಆರಂಭಿಸಿದರು. ಮುಂದೆ ಅದು ಹುಬ್ಬಳ್ಳಿಯನ್ನು ಕೇಂದ್ರವಾಗಿ ಮಾಡಿಕೊಂಡು, 1983ರಲ್ಲಿ ಕಂಪನಿಯಾಗಿ, ವಿ.ಆರ್.ಎಲ್. ಎಂಬ ಹೆಸರಿನಿಂದ ದೇಶದ ದೊಡ್ಡ ಸಾಗಣೆ ಸಂಸ್ಥೆಗಳಲ್ಲಿ ಒಂದಾಯಿತು. 2015ರಲ್ಲಿ ಅದರ ಷೇರುಗಳು ಸಾರ್ವಜನಿಕರಿಗೆ ಬಂದವು. ಒಂದು ಲಾರಿ ಇದ್ದಾಗ ಅದು ಎಲ್ಲಿದೆ, ಯಾರ ಸರಕು ಹೊತ್ತಿದೆ ಎಂಬುದನ್ನು ಮಾಲೀಕರು ಬಾಯಿಪಾಠ ಹೇಳಬಹುದು. ಸಾವಿರಾರು ಲಾರಿಗಳಾದಾಗ ಅದು ಯಾರಿಗೂ ಸಾಧ್ಯವಿಲ್ಲ.

ಅದರಲ್ಲಿಯೂ ಪಾರ್ಸಲ್ ಸಾಗಣೆ ತುಂಬ ಸೂಕ್ಷ್ಮವಾದ ಕೆಲಸ. ಒಬ್ಬನೇ ವ್ಯಾಪಾರಿಯ ಹತ್ತಿ ಅಂಡಿಗೆಗಳನ್ನು ಒಂದು ಲಾರಿ ತುಂಬ ಹೇರಿ ಕಳಿಸುವುದು ಸುಲಭ; ಏರಿಸಬೇಕು, ಇಳಿಸಬೇಕು, ಮುಗಿಯಿತು. ಪಾರ್ಸಲ್ ಲಾರಿಯಲ್ಲಿ ನೂರಾರು ಜನರ ಸರಕು ಇರುತ್ತದೆ. ಮುಂಡರಗಿಯಿಂದ ಮೈಸೂರಿಗೆ ಹೋಗುವ ಒಂದು ಗಂಟಿಗಾಗಿ ಪ್ರತ್ಯೇಕ ಲಾರಿ ಓಡಿಸಲಾಗದು. ಅದು ಮೊದಲು ಒಂದು ದೊಡ್ಡ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ಇಳಿಸಿ, ಊರುವಾರು ವಿಂಗಡಿಸಿ, ಮೈಸೂರು ಕಡೆಯ ಲಾರಿಗೆ ಏರಿಸಬೇಕು. ಬಂಡಿಯ ಗಾಲಿಯ ಕೀಲುಗಳೆಲ್ಲ ಗುಂಬಕ್ಕೆ ಬಂದು ಸೇರುವಂತೆ ಸುತ್ತಲ ಊರುಗಳ ಸರಕು ಒಂದು ಕೇಂದ್ರಕ್ಕೆ ಬಂದು ಸೇರುತ್ತದೆ, ಅಲ್ಲಿಂದ ಮತ್ತೆ ಚದುರುತ್ತದೆ.

ಈ ಹಾದಿಯುದ್ದಕ್ಕೂ ಸರಕಿಗೆ ಬಾಯಿಲ್ಲ. ಅದರ ಪರವಾಗಿ ಮಾತಾಡುವುದು ಬಿಲ್ಟಿ. ಯಾರು ಕಳಿಸಿದರು, ಯಾರಿಗೆ, ಎಷ್ಟು ನಗ, ಎಷ್ಟು ತೂಕ, ಬಾಡಿಗೆ ಕೊಟ್ಟಾಗಿದೆಯೋ ಕೊಡಬೇಕೋ ಎಂಬುದೆಲ್ಲ ಬಿಲ್ಟಿಯಲ್ಲಿರುತ್ತದೆ. ಬುಕಿಂಗ್ ಕಚೇರಿ, ಗೋದಾಮು, ಲಾರಿ, ವಿಂಗಡಣೆ ಕೇಂದ್ರ, ಮತ್ತೆ ಲಾರಿ, ಊರಿನ ಗೋದಾಮು, ಗಿರಾಕಿ: ಒಂದೊಂದು ದಾಟುವಿಕೆಯಲ್ಲೂ ಎಣಿಸಿ ಒಪ್ಪಿಸಬೇಕು, ಎಣಿಸಿ ಒಪ್ಪಿಕೊಳ್ಳಬೇಕು. ಒಂದು ಕಡೆ ಎಣಿಕೆ ತಪ್ಪಿದರೆ ಗಂಟು ಎಲ್ಲಿ ಕಳೆಯಿತು ಎಂಬುದು ಎಂದಿಗೂ ಗೊತ್ತಾಗದು. ಆಗ ಕಡೆಯಲ್ಲಿ ಕೈಯಲ್ಲಿ ಹಿಡಿದಿದ್ದ ಹಮಾಲನ ಮೇಲೆ ಅಪವಾದ ಬರುತ್ತದೆ. ಎಣಿಕೆ ಸರಿಯಾಗಿ ಬರೆದಿದ್ದರೆ ಮಾಲೀಕರಿಗೆ ಎಷ್ಟು ಲಾಭವೋ ಬಡ ಹಮಾಲನಿಗೂ ಅಷ್ಟೇ ರಕ್ಷಣೆ.

ಇನ್ನು ಹಳೆಯ ಹಾದಿಯನ್ನು ಬದಲಿಸುವ ಮಾತು. ಗದಗ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ರೈತರು ಬೆಳೆಯುವ ಒಣಮೆಣಸಿನಕಾಯಿ, ಶೇಂಗಾ, ಹೆಸರು, ಕಡಲೆಗಳು ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಬಂದಾಗ ಅವು ಮಾರಾಟವಾಗುವುದೂ ಒಂದು ಹಾದಿಯಲ್ಲಿಯೇ. ಹಿಂದೆ ಟೆಂಡರ್ ಚೀಟಿಗಳ ಪದ್ಧತಿ ಇತ್ತು. ವ್ಯಾಪಾರಿಗಳು ರಾಶಿ ನೋಡಿ, ಚೀಟಿಯಲ್ಲಿ ದರ ಬರೆದು ಹಾಕುತ್ತಿದ್ದರು. ಸಿಬ್ಬಂದಿ ಆ ಚೀಟಿಗಳನ್ನೆಲ್ಲ ಬಿಡಿಸಿ, ರಾಶಿವಾರು ಜೋಡಿಸಿ, ಹೆಚ್ಚಿನ ದರ ಹುಡುಕಬೇಕಿತ್ತು. ಸುಗ್ಗಿಯಲ್ಲಿ ಚೀಟಿಗಳ ಗುಡ್ಡೆಯಾದಾಗ ಹೊತ್ತು ಹಿಡಿಯುತ್ತಿತ್ತು. ಚಕ್ಕಡಿ ಕಟ್ಟಿಕೊಂಡು ಬಂದ ರೈತನ ದಿನ ಕಾಯುವುದರಲ್ಲೇ ಕಳೆಯುತ್ತಿತ್ತು.

2014ರಲ್ಲಿ ಕರ್ನಾಟಕ ಸರಕಾರವು ಎನ್.ಸಿ.ಡಿ.ಇ.ಎಕ್ಸ್. ಸ್ಪಾಟ್ ಎಕ್ಸ್‌ಚೇಂಜ್ ಜೊತೆಗೂಡಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಕಂಪನಿಯನ್ನು ಹುಟ್ಟುಹಾಕಿತು. ಅದರ ಮೂಲಕ ಏಕೀಕೃತ ಮಾರುಕಟ್ಟೆ ವೇದಿಕೆ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ರಾಜ್ಯದ ಎ.ಪಿ.ಎಂ.ಸಿ.ಗಳಿಗೆ ಹಂತಹಂತವಾಗಿ ತಂದಿತು. ಇಡೀ ದೇಶಕ್ಕಾಗಿ ಕೇಂದ್ರ ಸರಕಾರದ ಇ-ನಾಮ್ ಆರಂಭವಾದದ್ದು ಅದಾದ ಮೇಲೆ, 2016ರ ಏಪ್ರಿಲ್‌ನಲ್ಲಿ. ಹೊಸ ಹಾದಿ ಹೀಗೆ: ಬಾಗಿಲಲ್ಲಿ ರೈತನ ಹೆಸರು, ಮಾಲು, ಚೀಲಗಳ ಸಂಖ್ಯೆ ದಾಖಲಾಗಿ ಲಾಟ್ ನಂಬರ್ ಸಿಗುತ್ತದೆ. ಮಾಲು ದಲಾಲಿ ಅಂಗಡಿಯ ಮುಂದೆ ರಾಶಿಯಾಗುತ್ತದೆ. ವ್ಯಾಪಾರಿಗಳು ನೋಡಿ, ಗೊತ್ತುಪಡಿಸಿದ ಹೊತ್ತಿನೊಳಗೆ ಕಂಪ್ಯೂಟರಿನಲ್ಲಿ ದರ ದಾಖಲಿಸುತ್ತಾರೆ. ಹೊತ್ತು ಮುಗಿದ ಕೂಡಲೇ ಪ್ರತಿ ಲಾಟಿನ ಹೆಚ್ಚಿನ ದರ ಪ್ರಕಟವಾಗುತ್ತದೆ. ಒಪ್ಪುವುದೂ ಬಿಡುವುದೂ ರೈತನಿಗೆ ಬಿಟ್ಟದ್ದು. ಒಪ್ಪಿದರೆ ತೂಕ, ಲೆಕ್ಕಪಟ್ಟಿ, ಹಣ.

ಇಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಕಂಪ್ಯೂಟರ್ ಇಲ್ಲಿ ಹಳೆಯ ಚೀಟಿಯನ್ನು ಬೇಗ ಬಿಡಿಸುವ ಯಂತ್ರವಾಗಿ ಬರಲಿಲ್ಲ, ಚೀಟಿಯನ್ನೇ ಇಲ್ಲವಾಗಿಸಿತು. ಚೀಟಿ ಬರೆಯುವ, ಕೂಡಿಸುವ, ಬಿಡಿಸುವ, ಜೋಡಿಸುವ ಚೌಕಗಳೆಲ್ಲ ನಕ್ಷೆಯಿಂದ ಹೊರಬಿದ್ದವು. ಅಮೆರಿಕದ ಮೈಕೆಲ್ ಹ್ಯಾಮರ್ ಎಂಬ ಅಧ್ಯಾಪಕರು 1990ರಲ್ಲಿ ಬರೆದ ಒಂದು ಪ್ರಸಿದ್ಧ ಲೇಖನದಲ್ಲಿ ಇದನ್ನೇ ವಾದಿಸಿದರು. ಬೇಡವಾದ ಹೆಜ್ಜೆಯನ್ನು ಕಂಪ್ಯೂಟರಿನಿಂದ ಬೇಗ ಮಾಡಿಸಬೇಡಿ, ಆ ಹೆಜ್ಜೆಯನ್ನೇ ತೆಗೆಯಿರಿ ಎಂಬುದು ಅವರ ಮಾತಿನ ತಾತ್ಪರ್ಯ. ಫೋರ್ಡ್ ಮೋಟಾರು ಕಂಪನಿಯಲ್ಲಿ ಸರಕು ಮಾರಿದವರ ಬಿಲ್ಲು ಪಾವತಿಸುವ ವಿಭಾಗವೊಂದರಲ್ಲೇ 500ಕ್ಕೂ ಹೆಚ್ಚು ಜನರಿದ್ದರು. ಗಾತ್ರದಲ್ಲಿ ಚಿಕ್ಕದಾದ ಮಜ್ದಾ ಕಂಪನಿಯಲ್ಲಿ ಆ ಕೆಲಸಕ್ಕೆ ಐದೇ ಜನ. ಫೋರ್ಡಿನವರು ಖರೀದಿ ಪತ್ರ, ಸರಕು ಬಂದ ಚೀಟಿ, ಬಿಲ್ಲು ಮೂರನ್ನೂ ತಾಳೆ ನೋಡುವುದರಲ್ಲೇ ದಿನ ಕಳೆಯುತ್ತಿದ್ದರು. ಸರಕು ಬಂದು ಮುಟ್ಟಿದ್ದು ಖರೀದಿಯ ದಾಖಲೆಗೆ ಹೊಂದಿದರೆ ಹಣ ಕೊಟ್ಟುಬಿಡುವುದು, ಬಿಲ್ಲೇ ಬೇಡ ಎಂದು ಹಾದಿಯನ್ನು ಬದಲಿಸಿದಾಗ ಆ ವಿಭಾಗದ ಕೆಲಸ ಬಹಳ ಮಟ್ಟಿಗೆ ಕರಗಿತು.

ಎರಡನೆಯ ಪಾಠ ಎಚ್ಚರಿಕೆಯದು. ಒಂದು ಹೆಜ್ಜೆ ವೇಗವಾದರೆ ಸಾಲು ಮುಂದಿನ ಹೆಜ್ಜೆಯ ಬಳಿ ಹೋಗಿ ನಿಲ್ಲುತ್ತದೆ. ದರ ಬೇಗ ಪ್ರಕಟವಾಯಿತು ಎನ್ನಿ. ತಕ್ಕಡಿಗಳು ಅಷ್ಟೇ, ಹಮಾಲರು ಅಷ್ಟೇ ಇದ್ದರೆ ರೈತ ಈಗ ತೂಕಕ್ಕೆ ಕಾಯುತ್ತಾನೆ. ತೂಕವೂ ಬೇಗ ಆಗಿ, ಹಣ ಕೈಸೇರುವುದು ತಡವಾದರೆ ಅವನ ಪಾಲಿಗೆ ಏನೂ ಬದಲಾಗಲಿಲ್ಲ. ಆದ್ದರಿಂದ ಹಾದಿಯನ್ನು ಅಳೆಯುವಾಗ ಒಂದು ಚೌಕವನ್ನಷ್ಟೇ ಅಳೆಯಬಾರದು. ಬಾಗಿಲು ಹೊಕ್ಕ ಗಳಿಗೆಯಿಂದ ಹಣ ಕೈಗೆ ಬಂದ ಗಳಿಗೆಯವರೆಗೆ, ಅದೂ ರೈತನ ಕಡೆಯಿಂದ ನಿಂತು ಅಳೆಯಬೇಕು. ಇಡೀ ಹಾದಿಗೆ ಒಬ್ಬರು ಹೊಣೆಗಾರರು ಇರಬೇಕು ಎಂದು ಆಡಳಿತ ಶಾಸ್ತ್ರ ಹೇಳುವುದು ಇದಕ್ಕಾಗಿಯೇ. ಪ್ರತಿಯೊಬ್ಬರೂ ತಮ್ಮ ಚೌಕದಲ್ಲಿ ಸರಿಯಾಗಿದ್ದು, ಇಡೀ ಹಾದಿ ಕೆಟ್ಟಿರುವುದು ಸಾಧ್ಯ.

ಇಲ್ಲಿ ಒಂದು ಕಠಿಣವಾದ ಪ್ರಶ್ನೆಯನ್ನು ಮುಚ್ಚಿಡುವುದು ಸರಿಯಲ್ಲ. ಹೆಜ್ಜೆಗಳು ಕಡಿಮೆಯಾದರೆ ಆ ಹೆಜ್ಜೆಗಳಲ್ಲಿ ದುಡಿಯುತ್ತಿದ್ದವರ ಗತಿ ಏನು? ಫೋರ್ಡಿನ ಕಥೆಯಲ್ಲಿ ಉಳಿತಾಯ ಎಂದರೆ ಹೆಚ್ಚಾಗಿ ಜನರ ಉಳಿತಾಯ. ನಕ್ಷೆ ಬರೆಯುವವನು ಬಂದ ಎಂದರೆ ಕೆಲಸ ಹೋಗುವ ಹೊತ್ತು ಬಂತು ಎಂದು ನೌಕರರು ಅಂಜುವುದು ಅಕಾರಣವಲ್ಲ. ಅಂಜಿದವರು ನಿಜ ಹೇಳುವುದಿಲ್ಲ. ನಿಜ ಹೇಳದಿದ್ದರೆ ನಕ್ಷೆ ಸುಳ್ಳಾಗುತ್ತದೆ. ಆದ್ದರಿಂದ ಒಳ್ಳೆಯ ಸಂಸ್ಥೆ ಮೊದಲೇ ಮಾತು ಕೊಡಬೇಕು: ಉಳಿದ ಹೊತ್ತಿನಲ್ಲಿ ಇವರಿಗೆ ಬೇರೆ ಕೆಲಸ ಕಲಿಸುತ್ತೇವೆ, ಬೇಡಿಕೆ ಹೆಚ್ಚಿಸಿಕೊಳ್ಳುತ್ತೇವೆ ಎಂದು. ಆ ಮಾತನ್ನು ನಡೆಸಿಕೊಡಬೇಕು.

ನಕ್ಷೆ ನಿಜವಾಗಬೇಕಾದರೆ ಇನ್ನೊಂದು ಸೂತ್ರ ಇದೆ. ನಿಯಮ ಪುಸ್ತಕ ನೋಡಿ ನಕ್ಷೆ ಬರೆಯಬಾರದು. ಪುಸ್ತಕದಲ್ಲಿ ಇರುವುದು ಒಂದು, ನಡೆಯುವುದು ಇನ್ನೊಂದು. ಕೆಲಸ ಮಾಡುವವರ ಪಕ್ಕದಲ್ಲಿ ಕುಳಿತು, ಅವರನ್ನು ಕೇಳಿ ಬರೆಯಬೇಕು. ಪುಸ್ತಕದ ಹಾದಿ ಬಿಟ್ಟು ಅವರು ಒಂದು ಕಾಲುಹಾದಿ ಹಿಡಿದಿದ್ದರೆ ಅದಕ್ಕೆ ಸಾಮಾನ್ಯವಾಗಿ ಒಂದು ಕಾರಣ ಇರುತ್ತದೆ. ಆ ಕಾರಣ ತಿಳಿಯದೆ ಬದಲಾವಣೆ ಮಾಡಿದರೆ ಕೆಲಸ ಕೆಡುತ್ತದೆ. ಹಾಗೆಯೇ, ಒಮ್ಮೆ ಒಂದು ತಪ್ಪಾಯಿತೆಂದು ಪ್ರತಿ ಕಾಗದಕ್ಕೂ ಎರಡು ಸಹಿ ಹೆಚ್ಚಿಸುವ ಪದ್ಧತಿಯೂ ಒಳ್ಳೆಯದಲ್ಲ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ ಆಗುತ್ತದೆ.

ಹಾಗಾದರೆ ಬರೆದಿಟ್ಟ ಹಾದಿಯಿಂದ ಸಾಮಾನ್ಯ ಜನರಿಗೆ ಏನು ಲಾಭ? ಇದಕ್ಕೆ ಉತ್ತರ ಗದಗ ಜಿಲ್ಲೆಯ ಚರಿತ್ರೆಯಲ್ಲೇ ಇದೆ. ಲಕ್ಷ್ಮೇಶ್ವರದ ಹಳೆಯ ಹೆಸರು ಪೊರಿಗೆರೆ, ಪುಲಿಗೆರೆ. ಅಲ್ಲಿ ಎಂಟನೆಯ ಶತಮಾನದ ಒಂದು ಶಾಸನ ಸಿಕ್ಕಿದೆ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಆ ಊರಿನ ಮಹಾಜನರಿಗೆ, ನಗರದವರಿಗೆ, ಹದಿನೆಂಟು ಪ್ರಕೃತಿಗಳಿಗೆ ಮಾಡಿಕೊಟ್ಟ ಆಚಾರ ವ್ಯವಸ್ಥೆ ಅದು. ರಾಜನ ಅಧಿಕಾರಿಗಳು ಏನೇನನ್ನು ಕಾಪಾಡಬೇಕು, ಮನೆತನಗಳು ತಮ್ಮ ತರಗತಿಗೆ ತಕ್ಕಂತೆ ಎಷ್ಟೆಷ್ಟು ತೆರಬೇಕು ಎಂಬುದನ್ನೆಲ್ಲ ಕಲ್ಲಿನಲ್ಲಿ ಕೆತ್ತಿದರು. ಕಲ್ಲಿನಲ್ಲಿ ಇದ್ದುದರಿಂದ ಅಧಿಕಾರಿಯೂ ಅದನ್ನು ಮೀರಿ ಕೇಳುವುದು ಕಷ್ಟ. ಊರಿನವರೂ ಗೊತ್ತಿಲ್ಲ ಎನ್ನುವಂತಿಲ್ಲ.

ಅಲ್ಲಿಂದ ಸುಮಾರು ಹನ್ನೆರಡು ನೂರು ವರ್ಷಗಳ ಈಚೆಗೆ ಬನ್ನಿ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಅಧ್ಯಕ್ಷತೆಯಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿತು. ಆರಂಭದ ಷೇರು ಬಂಡವಾಳ 2000 ರೂಪಾಯಿ. ದೇಶದ ಸಹಕಾರ ಚಳವಳಿಯ ಚರಿತ್ರೆಯಲ್ಲಿ ಆ ಹಳ್ಳಿಗೆ ಮೊದಲ ಸಾಲಿನ ಸ್ಥಾನವಿದೆ. ಸಾಹುಕಾರನ ಸಾಲದಲ್ಲಿಯೂ ಒಂದು ಹಾದಿ ಇತ್ತು, ಆದರೆ ಅದು ಸಾಹುಕಾರನ ತಲೆಯಲ್ಲಿ ಮತ್ತು ಅವನ ಖಾತೆ ಪುಸ್ತಕದಲ್ಲಿ ಮಾತ್ರ ಇತ್ತು. ಸಂಘದಲ್ಲಿ ಸದಸ್ಯತ್ವ, ಅರ್ಜಿ, ಜಾಮೀನು, ಸಭೆಯ ಠರಾವು, ಕೀರ್ದಿ, ವಸೂಲಿ, ಲೆಕ್ಕ ತಪಾಸಣೆ ಎಂದು ಹೆಜ್ಜೆಗಳು ಎಲ್ಲರಿಗೂ ಗೊತ್ತಾದವು. ‘ನನ್ನ ಅರ್ಜಿ ಎಲ್ಲಿ ನಿಂತಿದೆ?’ ಎಂದು ಬಡ ರೈತನೂ ಕೇಳಬಹುದಾಯಿತು. ಹಾದಿ ಗೊತ್ತಿದ್ದವನು ಮಾತ್ರ ಈ ಪ್ರಶ್ನೆಯನ್ನು ಕೇಳಬಲ್ಲ. ಗೊತ್ತಿಲ್ಲದವನು ಕೈಮುಗಿದು ಬೇಡಬೇಕಾಗುತ್ತದೆ.

ಕಡೆಯದಾಗಿ ನಿಮಗೊಂದು ಕೆಲಸ. ನಿಮ್ಮ ಶಾಲೆ ಅಥವಾ ಕಾಲೇಜಿನ ಒಂದು ಹಾದಿಯನ್ನು ಆರಿಸಿಕೊಳ್ಳಿ. ಗ್ರಂಥಾಲಯದಿಂದ ಪುಸ್ತಕ ಪಡೆಯುವುದು, ಬಸ್ ಪಾಸು ಮಾಡಿಸುವುದು, ವಿದ್ಯಾರ್ಥಿವೇತನದ ಅರ್ಜಿ, ಯಾವುದಾದರೂ ಆಗಬಹುದು. ಆ ಕೆಲಸ ಮಾಡುವವರ ಅನುಮತಿ ಪಡೆದು, ಅವರ ಹೊತ್ತು ಕೆಡಿಸದೆ, ಕೇಳಿ ತಿಳಿದುಕೊಳ್ಳಿ. ಒಂದು ದೊಡ್ಡ ಹಾಳೆಯಲ್ಲಿ ಪಟ್ಟಿ ಎಳೆದು ಚೌಕ, ವಜ್ರ, ಬಾಣಗಳನ್ನು ಬರೆಯಿರಿ. ಪ್ರತಿ ಚೌಕದ ಮೇಲೆ ಕೆಲಸದ ನಿಮಿಷ, ಪ್ರತಿ ಬಾಣದ ಮೇಲೆ ಕಾಯುವ ನಿಮಿಷ ಬರೆಯಿರಿ. ಎರಡನ್ನೂ ಬೇರೆಬೇರೆಯಾಗಿ ಕೂಡಿಸಿ. ಬರೆದ ನಕ್ಷೆಯನ್ನು ಆ ಕೆಲಸ ಮಾಡುವವರಿಗೇ ಮೊದಲು ತೋರಿಸಿ, ‘ಇದು ಸರಿಯೇ?’ ಎಂದು ಕೇಳಿ. ಅವರು ಎರಡು ಕಡೆಯಾದರೂ ತಿದ್ದುತ್ತಾರೆ. ಆ ತಿದ್ದುಪಡಿಗಳನ್ನು ಬರೆದಿಟ್ಟುಕೊಳ್ಳಿ. ಅನಂತರ ಒಂದೇ ಒಂದು ಬದಲಾವಣೆಯನ್ನು ಸೂಚಿಸಿ, ಅದರಿಂದ ಯಾರಿಗೆ ಎಷ್ಟು ಹೊತ್ತು ಉಳಿಯುತ್ತದೆ, ಯಾರಿಗೆ ಭಾರ ಹೆಚ್ಚುತ್ತದೆ ಎಂಬ ಎರಡನ್ನೂ ಲೆಕ್ಕ ಹಾಕಿ. ಬದಲಾವಣೆ ಜಾರಿಗೆ ಬಂದರೆ ಒಂದು ತಿಂಗಳ ಮೇಲೆ ಮತ್ತೆ ಅಳೆಯಿರಿ. ಬರೆಯುವುದು, ಅಳೆಯುವುದು, ಬದಲಿಸುವುದು, ಮತ್ತೆ ಅಳೆಯುವುದು: ನಿರ್ವಹಣೆ ಎಂದರೆ ಇದೇ.

ನಾಳೆ ನಿಮ್ಮಲ್ಲಿ ಕೆಲವರು ಅಂಗಡಿ ನಡೆಸುತ್ತೀರಿ, ಕೆಲವರು ಕಂಪನಿಗಳಲ್ಲಿ, ಕಚೇರಿಗಳಲ್ಲಿ ಕೂರುತ್ತೀರಿ. ನಿಮ್ಮ ಮೇಜಿನ ಆಚೆ ಒಬ್ಬ ರೈತನೋ ನೇಕಾರನೋ ಕಾಯುತ್ತ ನಿಂತಿರುತ್ತಾನೆ. ಅವನ ಕೆಲಸ ಎಲ್ಲಿ ನಿಂತಿದೆ ಎಂದು ಆ ಕ್ಷಣ ಹೇಳಬಲ್ಲಿರಾದರೆ ಈ ವಿದ್ಯೆ ನಿಮಗೆ ಬಂದಿದೆ ಎಂದರ್ಥ.